ಪೈಪಿನ ಸೂತ್ರ ಬರೆದ ಡಾಕ್ಟರ್

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದ ನಮಗೆಲ್ಲ ಹೇಗನ್-ಪ್ವಾಸೇಯ್ ಸಮೀಕರಣ ಗೊತ್ತು. ಪರೀಕ್ಷೆಯಲ್ಲಿ ಡಿರೈವ್ ಮಾಡಿ, ಮಾರ್ಕ್ಸ್ ತಗೊಂಡು, ಆಮೇಲೆ ಮರೆತೂ ಬಿಡುತ್ತೇವೆ. ಆ ಜೋಡಿ ಹೆಸರಿನಲ್ಲಿ ಹೇಗನ್ ಜರ್ಮನಿಯ ಎಂಜಿನಿಯರ್. ಪ್ವಾಸೇಯ್ ಮಾತ್ರ ಡಾಕ್ಟರ್. ಅವನಿಗೆ ಬೇಕಿದ್ದದ್ದು ಪೈಪಿನ ಲೆಕ್ಕವಲ್ಲ, ನಮ್ಮ ಮೈಯೊಳಗಿನ ರಕ್ತನಾಳಗಳ ಲೆಕ್ಕ.

ಝಾನ್ ಲೆಯೊನಾರ್ ಮರಿ ಪ್ವಾಸೇಯ್ ಹುಟ್ಟಿದ್ದು 1797ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ಬಡಗಿ. 1815ರಲ್ಲಿ ಹುಡುಗನಿಗೆ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಸೀಟು ಸಿಕ್ಕಿತು. ಆಂಪೇರ್‌ನಂಥವರು ಪಾಠ ಮಾಡುತ್ತಿದ್ದ ಕಾಲೇಜು ಅದು. ಆದರೆ ಮರುವರ್ಷವೇ ಸರಕಾರ ಅಲ್ಲಿನ ವಿದ್ಯಾರ್ಥಿಗಳನ್ನೆಲ್ಲ ಮನೆಗೆ ಕಳಿಸಿತು. ಪ್ವಾಸೇಯ್ ಆಮೇಲೆ ವೈದ್ಯಕೀಯಕ್ಕೆ ಸೇರಿದ. ಕಲಿತಿದ್ದ ಗಣಿತ, ಭೌತಶಾಸ್ತ್ರ ಜೊತೆಗೇ ಬಂದವು.

ರಕ್ತದೊತ್ತಡ ಅಳೆಯುವುದು ಆಗ ದೊಡ್ಡ ರಗಳೆ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೆ 9 ಅಡಿ ಉದ್ದದ ಗಾಜಿನ ಕೊಳವೆ ಜೋಡಿಸಿ, ರಕ್ತ 8 ಅಡಿಗೂ ಮೇಲೆ ಏರಿದ್ದನ್ನು 1733ರಲ್ಲಿ ಪ್ರಕಟಿಸಿದ್ದ. ಪ್ವಾಸೇಯ್ 1828ರ ತನ್ನ ಪ್ರಬಂಧಕ್ಕಾಗಿ ಯು ಆಕಾರದ ಕೊಳವೆಯಲ್ಲಿ ಪಾದರಸ ತುಂಬಿದ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾಗಿ ಉಪಕರಣ ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಯಿತು. ರಕ್ತ ಹೆಪ್ಪುಗಟ್ಟದಿರಲು ಪೊಟ್ಯಾಸಿಯಂ ಕಾರ್ಬೊನೇಟ್ ಬಳಸಿದ. ನಮ್ಮ ಬಿಪಿ 120/80 ಎನ್ನುವಾಗ ಇವತ್ತಿಗೂ ಲೆಕ್ಕ ಪಾದರಸದ ಮಿಲಿಮೀಟರಿನಲ್ಲೇ.

ಪ್ರಾಣಿಗಳಲ್ಲಿ ಅಳೆದಾಗ ಅವನಿಗೊಂದು ಆಶ್ಚರ್ಯ ಕಾದಿತ್ತು. ಹೃದಯದ ಹತ್ತಿರದ ದಪ್ಪ ಅಪಧಮನಿಯಲ್ಲೂ ದೂರದ ಸಣ್ಣ ಅಪಧಮನಿಯಲ್ಲೂ ಒತ್ತಡ ಹೆಚ್ಚುಕಡಿಮೆ ಒಂದೇ. ಹಾಗಾದರೆ ಒತ್ತಡ ಇಳಿಯುವುದು ಎಲ್ಲಿ? ಇನ್ನೂ ಸಪೂರ ನಾಳಗಳಲ್ಲಿ ಇರಬೇಕು. ಅಲ್ಲಿ ಅಳೆಯಲು ಸಾಧ್ಯವಿರಲಿಲ್ಲ. ಅದಕ್ಕೆ ಗಾಜಿನ ಕೊಳವೆಗಳನ್ನು ತಗೊಂಡ, ಕೆಲವು 0.1 ಮಿಲಿಮೀಟರಿಗಿಂತಲೂ ಸಪೂರ. ಅವುಗಳಲ್ಲಿ ನೀರು ಹರಿಸಿ ವರ್ಷಗಟ್ಟಲೆ ಅಳೆದ. 1840ರ ದಶಕದಲ್ಲಿ ಪ್ರಕಟವಾದ ಫಲಿತಾಂಶ ಇಷ್ಟು: ಹರಿವು ಒತ್ತಡಕ್ಕೆ ನೇರ ಅನುಪಾತ, ಉದ್ದಕ್ಕೆ ವಿಲೋಮ, ವ್ಯಾಸದ ನಾಲ್ಕನೇ ಘಾತಕ್ಕೆ ನೇರ ಅನುಪಾತ.

ಈ ನಾಲ್ಕನೇ ಘಾತದಲ್ಲೇ ಇರುವುದು ವಿಷಯ. ನಾಳ ಶೇ. 10ರಷ್ಟು ಕಿರಿದಾದರೆ ಹರಿವು ಶೇ. 34ರಷ್ಟು ಕಡಿಮೆ. ಅರ್ಧವಾದರೆ ಹದಿನಾರನೇ ಒಂದು ಭಾಗ. ಬೆಳ್ತಂಗಡಿಯ ಅಡಿಕೆ ತೋಟದ ಪೈಪಿಗೆ ಇದನ್ನು ಹಾಗೆಯೇ ಹಾಕಬೇಡಿ, ಅಲ್ಲಿ ನೀರು ಸಾಮಾನ್ಯವಾಗಿ ಸುಳಿಸುಳಿಯಾಗಿ ಹರಿಯುತ್ತದೆ. ರಕ್ತವೂ ಬರೀ ನೀರಲ್ಲ, ನಾಳವೂ ಗಾಜಲ್ಲ. ಆದರೂ ದೇಹ ಒತ್ತಡವನ್ನು ಹಿಡಿತದಲ್ಲಿಡುವ ಗುಟ್ಟು ಇದೇ. ಸಣ್ಣ ಅಪಧಮನಿಗಳ ಗೋಡೆಯಲ್ಲಿ ಸ್ನಾಯುಗಳಿವೆ. ಅವು ಸ್ವಲ್ಪ ಬಿಗಿದರೂ ಪ್ರತಿರೋಧ ಜೋರಾಗಿ ಏರುತ್ತದೆ. ಅಷ್ಟೇ ರಕ್ತ ಹರಿಯಬೇಕಾದರೆ ಒತ್ತಡ ಹೆಚ್ಚಬೇಕು. ಆ ಬಿಲ್ ಕಟ್ಟುವುದು ಹೃದಯ.

ಪಂಪು ಓವರ್‌ಲೋಡ್ ಆದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಹೃದಯ ಹಾಗಲ್ಲ, ಹೆಚ್ಚಿನವರಲ್ಲಿ ಬಿಪಿ ಏರಿದ್ದು ಗೊತ್ತೇ ಆಗುವುದಿಲ್ಲ. ಬಂಟ್ವಾಳವಿರಲಿ, ಮೂಡುಬಿದಿರೆ ಇರಲಿ, ತಲೆನೋವಿಲ್ಲ, ನನಗೆಂಥ ಬಿಪಿ ಅಂತ ಗುಳಿಗೆ ನಿಲ್ಲಿಸುವ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಬಿಪಿಯ ಎಷ್ಟೋ ಗುಳಿಗೆಗಳು ಮಾಡುವುದು ನಾಳವನ್ನು ತುಸು ಸಡಿಲಿಸುವ ಕೆಲಸ. ಗುಳಿಗೆ ನಿಂತರೆ ನಾಳ ಮತ್ತೆ ಬಿಗಿಯುತ್ತದೆ, ಸದ್ದಿಲ್ಲದೆ. ರಜೆಗೆ ಊರಿಗೆ ಹೋದಾಗ ಈ ನಾಲ್ಕನೇ ಘಾತವನ್ನು ಅವರಿಗೆ ಅವರ ಭಾಷೆಯಲ್ಲೇ ಹೇಳೋಣ. ನಮ್ಮ ಬಿಪಿಯನ್ನೂ ಒಮ್ಮೆ ನೋಡಿಸಿಕೊಳ್ಳೋಣ.

ಪ್ವಾಸೇಯ್ 1869ರಲ್ಲಿ ತೀರಿಕೊಂಡ. ಸ್ನಿಗ್ಧತೆಯ ಒಂದು ಮಾನಕ್ಕೆ ಅವನ ನೆನಪಿನಲ್ಲಿ ಪಾಯ್ಸ್ ಎಂದು ಹೆಸರಿಟ್ಟರು. ಲ್ಯಾಬಿನಲ್ಲಿ ಆ ಹೆಸರು ಬರೆಯುವಾಗ ರಕ್ತ ಎಲ್ಲಿ ತಡೆಯುತ್ತದೆಂದು ಹುಡುಕುತ್ತ ಹೋದ ಡಾಕ್ಟರನೂ ನೆನಪಾಗಲಿ.