ಗುರುವಿನ ಊಹೆಯನ್ನು ಅಳೆದು ನೋಡಿದ ಇರಾವತಿ ಕರ್ವೆ

ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ಉಮರಗಾ, ನಿಲಂಗಾ, ಉದಗೀರಗಳ ಕನ್ನಡ ಮನೆಗಳಲ್ಲಿಯೂ ಉಂಟು, ಮರಾಠಿ ಮನೆಗಳಲ್ಲಿಯೂ ಉಂಟು. ನಮಗಿದು ದಿನನಿತ್ಯದ ಸಂಗತಿ. ಇಂಥ ಸಂಗತಿಗಳನ್ನೇ ಕಲೆಹಾಕಿ ಇಡೀ ಭಾರತದ ಬಂಧುತ್ವದ ನಕ್ಷೆ ಬಿಡಿಸಿದವರು ಪುಣೆಯ ಇರಾವತಿ ಕರ್ವೆ.

1905ರ ಡಿಸೆಂಬರ್ 15ರಂದು ಬರ್ಮಾದಲ್ಲಿ ಜನಿಸಿದ ಅವರಿಗೆ ಅಲ್ಲಿಯ ಐರಾವತಿ ನದಿಯ ಹೆಸರನ್ನೇ ಇಡಲಾಯಿತು. ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಸೊಸೆ ಇವರು. ಫರ್ಗ್ಯುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿ, ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಬಳಿ ಸಮಾಜಶಾಸ್ತ್ರ ಅಭ್ಯಸಿಸಿದರು. ಆ ಶಾಸ್ತ್ರದ ಹೆಸರನ್ನು ಬಳಕೆಗೆ ತಂದವನು ಫ್ರಾನ್ಸಿನ ಆಗಸ್ಟ್ ಕೋಂತ್ (1798-1857). ದೈವಸಂಕಲ್ಪದಿಂದಲೋ ಅಮೂರ್ತ ತತ್ತ್ವದಿಂದಲೋ ಜಗತ್ತನ್ನು ವಿವರಿಸುವುದನ್ನು ಬಿಟ್ಟು, ಕಂಡುದನ್ನು ಹೋಲಿಸಿ ನಿಯಮ ಹುಡುಕಬೇಕು. ಗ್ರಹನಕ್ಷತ್ರಗಳಿಗೆ ಸಲ್ಲುವ ಈ ಕ್ರಮ ಮನುಷ್ಯಸಮಾಜಕ್ಕೂ ಸಲ್ಲುತ್ತದೆ ಎಂಬುದೇ ಅವನ ಪ್ರತ್ಯಕ್ಷವಾದ, ಅಂದರೆ ಪಾಸಿಟಿವಿಸಂ.

ಈ ವಾದದ ಬಲವೂ ಅಪಾಯವೂ ಇರಾವತಿಯವರಿಗೆ ಒಟ್ಟಿಗೇ ಎದುರಾದುದು ಬರ್ಲಿನ್ನಿನಲ್ಲಿ. 1928ರಲ್ಲಿ ಅಲ್ಲಿಗೆ ಹೋದ ಅವರಿಗೆ ಮಾರ್ಗದರ್ಶಕ ಯೂಜೆನ್ ಫಿಶರ್ ಒಪ್ಪಿಸಿದ ಕೆಲಸ ತಲೆಬುರುಡೆಗಳ ಅಳತೆ. ಬಿಳಿಯರ ಬುರುಡೆಯ ಎಡಬಲಗಳಲ್ಲಿರುವ ವ್ಯತ್ಯಾಸವೇ ಅವರ ಹೆಚ್ಚಿನ ಬುದ್ಧಿಗೆ ಗುರುತು ಎಂಬುದು ಆತನ ಊಹೆ. ಅಂಕಿ ತೋರಿಸಿದರೆ ಸಾಕು, ಜನ ನಂಬುತ್ತಿದ್ದ ಕಾಲವದು. ಈಗ ಬಹಳ ಬದಲಾಗಿದೆಯೆಂದೇನೂ ಅಲ್ಲ. ಇರಾವತಿ ಅಳೆದರು, ಲೆಕ್ಕಹಾಕಿದರು. ಜನಾಂಗಕ್ಕೂ ಆ ವ್ಯತ್ಯಾಸಕ್ಕೂ ಸಂಬಂಧ ಕಾಣಲಿಲ್ಲ. ಕಾಣಲಿಲ್ಲವೆಂದೇ ಬರೆದು, ಪ್ರಬಂಧವನ್ನು ಅದೇ ಗುರುವಿಗೆ ಒಪ್ಪಿಸಿದರು. ಪದವಿಗಾಗಿ ಪರದೇಶಕ್ಕೆ ಹೋದ ಇಪ್ಪತ್ತರ ಹರೆಯದ ಹೆಣ್ಣುಮಗಳಿಗೆ ಅದು ಸಣ್ಣ ಧೈರ್ಯವಲ್ಲ.

ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದು, 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯ ಕುರಿತ ಗ್ರಂಥ ಪ್ರಕಟಿಸಿದರು. ನಮ್ಮ ನಿಲಂಗಾ, ಉದಗೀರ ತಾಲೂಕುಗಳು ಆಗಿನ್ನೂ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಗೆರೆ ಬಿದ್ದದ್ದು 1956ರಲ್ಲಿ. ಗ್ರಂಥದಲ್ಲಿ ಕರ್ನಾಟಕ ದಕ್ಷಿಣ ವಲಯಕ್ಕೆ, ಮಹಾರಾಷ್ಟ್ರ ಮಧ್ಯ ವಲಯಕ್ಕೆ ಸೇರಿದೆ. ಆದರೆ ಭಾಷೆ ಬದಲಾದ ಕಡೆಯಲ್ಲೇ ಸಂಬಂಧದ ರೂಢಿಯೂ ಬದಲಾಗಬೇಕೆಂದಿಲ್ಲ. ಸೋದರಮಾವನ ಮಗಳು ಎರಡೂ ಕಡೆ ಸಲ್ಲುತ್ತಾಳೆ; ಅಕ್ಕನ ಮಗಳನ್ನು ಮದುವೆಯಾಗುವುದು ಕನ್ನಡನಾಡಿನಲ್ಲಿ ರೂಢಿ, ಮರಾಠಿ ಸೀಮೆಯಲ್ಲಿ ವಿರಳ; ಉತ್ತರ ಹಿಂದೂಸ್ಥಾನದ ಹಿಂದೂಗಳಲ್ಲಿ ಸಾಮಾನ್ಯವಾಗಿ ಎರಡೂ ನಿಷಿದ್ಧ.

ಜಾತಿಗಳ ದೇಹಮಾಪನವನ್ನು ಅವರು ಬಿಡಲಿಲ್ಲ. ಬರ್ಲಿನ್ನಿನ ಪಾಠ ಅಲ್ಲಿ ಸಾಲದಾಯಿತೆಂದು ನಮಗೆ ತೋರುತ್ತದೆ. ಅಳತೆಗೆ ಸಿಗದ ಮನುಷ್ಯರನ್ನು ಅವರು ಹುಡುಕಿದ್ದು ಮಹಾಭಾರತದಲ್ಲಿ. ಕುಂತಿ, ಗಾಂಧಾರಿ, ದ್ರೌಪದಿಯರನ್ನು ಸಾಮಾನ್ಯ ಹೆಂಗಸರಂತೆಯೇ ಕಂಡ ಅವರ ಮರಾಠಿ ಕೃತಿ ‘ಯುಗಾಂತ’ಕ್ಕೆ 1968ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 1970ರ ಆಗಸ್ಟ್ 11ರಂದು ಅವರು ತೀರಿಕೊಂಡರು.