ಮುಖವನ್ನು ಮರಳಿ ಕೊಟ್ಟ ವೈದ್ಯ: ಜೋಸೆಫ್ ಕಾರ್ಪ್ಯೂ

ಮುಖವು ದೇಹದ ಒಂದು ಅಂಗ ಮಾತ್ರವಲ್ಲ. ಮನುಷ್ಯನು ನೆರೆಯವರ ಮುಂದೆ ನಿಲ್ಲುವುದು, ಗುರುತಿಸಲ್ಪಡುವುದು ಅದರ ಮೂಲಕವೇ. ಹಿಂದಿನ ಯುದ್ಧಗಳಲ್ಲಿ ಸೆರೆಯಾಳಿನ ಮೂಗನ್ನು ಕೊಯ್ದು ಕಳುಹಿಸುತ್ತಿದ್ದುದೂ ಇದಕ್ಕಾಗಿಯೇ. ಜೀವ ಉಳಿಯುತ್ತಿತ್ತು, ಮಾನ ಹೋಗುತ್ತಿತ್ತು. ಅಂಥವರಿಗೆ ಮುಖವನ್ನು ಮರಳಿ ಕೊಡುವ ಭಾರತೀಯ ಶಸ್ತ್ರವಿದ್ಯೆಯನ್ನು ಇಂಗ್ಲೆಂಡಿನಲ್ಲಿ ನೆಲೆಗೊಳಿಸಿದವರು ಜೋಸೆಫ್ ಕಾನ್‌ಸ್ಟಂಟೈನ್ ಕಾರ್ಪ್ಯೂ.

ಅವರು ಹುಟ್ಟಿದ್ದು 1764ರಲ್ಲಿ, ಲಂಡನ್ನಿನಲ್ಲಿ ನೆಲೆಸಿದ್ದ ಸ್ಪೇನ್ ಮೂಲದ ಕಥೋಲಿಕ ಕುಟುಂಬದಲ್ಲಿ. ಗುರುಪಟ್ಟಕ್ಕೆಂದು ಮನೆಯವರು ಅವರನ್ನು ಫ್ರಾನ್ಸಿನ ದುವೇ ನಗರದಲ್ಲಿ ಓದಿಸಿದರು. ಆದರೆ ಅವರು ಗುರುವಾಗಲಿಲ್ಲ. ಪುಸ್ತಕ ವ್ಯಾಪಾರ, ವಕೀಲಿ, ರಂಗಭೂಮಿ ಎಂದು ಮನಸ್ಸು ಹಲವೆಡೆ ಅಲೆದು, ಕೊನೆಗೆ ಶಸ್ತ್ರಚಿಕಿತ್ಸೆಯಲ್ಲಿ ನಿಂತಿತು. ಚೆಲ್ಸಿಯ ಡ್ಯೂಕ್ ಆಫ್ ಯಾರ್ಕ್ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. 1800ರಿಂದ ಮೂರು ದಶಕ ಅಂಗರಚನಾಶಾಸ್ತ್ರ ಬೋಧಿಸಿದರು. ಪಾಠದುದ್ದಕ್ಕೂ ಹಲಗೆಯ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆಯುತ್ತಿದ್ದುದರಿಂದ ವಿದ್ಯಾರ್ಥಿಗಳಲ್ಲಿ ಪ್ರಸಿದ್ಧರಾದರು. ಸಿಡುಬಿನ ವಿರುದ್ಧ ಲಸಿಕೆಯನ್ನು ಹರಡಲೂ ದುಡಿದರು. ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಕಡೆ ಅಬ್ಬೆ ದುಬಾಯ್ ಸ್ವಾಮಿಗಳೂ ಅದೇ ಲಸಿಕೆಗಾಗಿ ಶ್ರಮಿಸುತ್ತಿದ್ದರೆಂಬುದು ನಮಗೆ ಸಂತೋಷದ ವಿಷಯ.

ಕಾರ್ಪ್ಯೂರವರ ಹೆಸರನ್ನು ಉಳಿಸಿದ ಕಥೆಯೂ ಆರಂಭವಾಗುವುದು ನಮ್ಮ ಸೀಮೆಯಲ್ಲೇ. ಹೆಮ್ಮಿಗೆಯವರಿಗೆ ಶ್ರೀರಂಗಪಟ್ಟಣ ದೂರದ ಊರಲ್ಲ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬವನು ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ಬಳಿಕ ಪುಣೆಯ ಬಳಿ, ಇಟ್ಟಿಗೆ ಮಾಡುವವರ ಕುಲದ ಒಬ್ಬನು ಅವನಿಗೆ ಹೊಸ ಮೂಗು ಕಟ್ಟಿದನು. ಮೇಣದ ಅಚ್ಚನ್ನು ಹಣೆಯ ಮೇಲೆ ಹರಡಿ, ಅದರ ಅಂಚಿಗೆ ಗೆರೆ ಎಳೆದು, ಆ ಅಳತೆಗೆ ಚರ್ಮವನ್ನು ಬಿಡಿಸಿದನು. ಆದರೆ ಹುಬ್ಬುಗಳ ನಡುವೆ ಒಂದು ಎಳೆಯನ್ನು ಕತ್ತರಿಸದೆ ಉಳಿಸಿದನು, ರಕ್ತ ಹರಿಯಬೇಕಲ್ಲವೇ? ಚರ್ಮವನ್ನು ಕೆಳಗೆ ತಿರುಗಿಸಿ ಕೂಡಿಸಿ, ಕಾಚಿನಲ್ಲಿ ನೆನೆಸಿದ ಬಟ್ಟೆಯಿಂದ ಅಂಟಿಸಿದನು. ನಾಲ್ಕು ದಿನ ಕಳೆದ ಮೇಲೆ ತುಪ್ಪದ ಬಟ್ಟೆ. ಸುಮಾರು ಇಪ್ಪತ್ತೈದನೆಯ ದಿನ ಆ ಎಳೆಯನ್ನು ಕತ್ತರಿಸಿದನು.

ಈ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಪತ್ರಿಕೆಯಲ್ಲಿ ಅಚ್ಚಾಯಿತು. ಕವಾಸ್‌ಜಿಯ ಹೆಸರು ಅದರಲ್ಲಿತ್ತು. ಮೂಗು ಕಟ್ಟಿದವನ ಹೆಸರಿರಲಿಲ್ಲ. ವಿದ್ಯೆ ಕೆಳಗಿನವರದೆಂದು ಕಾರ್ಪ್ಯೂ ಅದನ್ನು ತಳ್ಳಿಹಾಕಲಿಲ್ಲ, ಅಚ್ಚಾಯಿತೆಂದು ಒಡನೆಯೇ ನಂಬಲೂ ಇಲ್ಲ. ಭಾರತದಿಂದ ಮರಳಿದವರನ್ನು ವಿಚಾರಿಸಿದರು. ಶವಗಳ ಮೇಲೆ ಮತ್ತೆ ಮತ್ತೆ ಪ್ರಯೋಗಿಸಿ ನೋಡಿದರು. ಸತ್ತವರಿಂದ ಕಲಿತ ಮೇಲೆಯೇ ಬದುಕಿರುವವನ ಮುಖಕ್ಕೆ ಕೈಹಚ್ಚುವ ಧೈರ್ಯ ಮಾಡಿದರು.

ಅದು 1814ರ ಅಕ್ಟೋಬರ್ 23. ಪಾದರಸದ ಔಷಧಿಯಿಂದ ಮೂಗು ಕಳೆದುಕೊಂಡಿದ್ದ ಸೈನ್ಯಾಧಿಕಾರಿಯೊಬ್ಬನು ಅರಿವಳಿಕೆಯಿಲ್ಲದ ಆ ಕಾಲದಲ್ಲಿ ಸುಮಾರು ಹದಿನೈದು ನಿಮಿಷ ನೋವನ್ನು ಸಹಿಸಿದನು. ಮೂರನೆಯ ದಿನ ಕಟ್ಟು ಬಿಚ್ಚಿದಾಗ ಮೂಗು ಅಂಟಿಕೊಂಡಿತ್ತು! 1815ರ ಆರಂಭದಲ್ಲಿ, ಆಲ್ಬುವೇರಾ ಯುದ್ಧದಲ್ಲಿ ಧ್ವಜ ರಕ್ಷಿಸುತ್ತ ಗಾಯಗೊಂಡಿದ್ದ ಲೇಥಮ್ ಎಂಬ ಅಧಿಕಾರಿಗೂ ಹೀಗೆಯೇ ಚಿಕಿತ್ಸೆ ನಡೆಯಿತು. 1816ರಲ್ಲಿ ಎರಡನ್ನೂ ಕುರಿತು ಪುಸ್ತಕ ಪ್ರಕಟಿಸಿದರು. ಮರುವರ್ಷ ಅದು ಜರ್ಮನ್ ಭಾಷೆಗೂ ಹೋಯಿತು. ಅಪಘಾತ, ಕ್ಯಾನ್ಸರುಗಳಿಂದ ಮೂಗು ನಷ್ಟವಾದವರಿಗೆ ಹಣೆಯ ಚರ್ಮವನ್ನು ಬಳಸುವ ವಿಧಾನ ಇಂದಿಗೂ ಬಳಕೆಯಲ್ಲಿದೆ.

ರೈಲು ಅಪಘಾತವೊಂದರಲ್ಲಿ ಜರ್ಜರಿತರಾಗಿದ್ದ ಕಾರ್ಪ್ಯೂ 1846ರ ಜನವರಿಯಲ್ಲಿ ನಿಧನರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರ್ ಅರಿವಳಿಕೆ ಬಹಿರಂಗವಾಗಿ ಸಿದ್ಧಪಟ್ಟಿತು.

ಗುರುಪಟ್ಟಕ್ಕೇರದವರಿಗೂ ದೇವರು ದೈವಕರೆಯೊಂದನ್ನು ಇಟ್ಟಿರುತ್ತಾರೆ. ಹೆಸರಿಲ್ಲದ ಕುಶಲಿಯನ್ನು ಗುರುವಾಗಿ ಸ್ವೀಕರಿಸುವ ವಿನಯ, ಪರರ ದೇಹವನ್ನು ಮುಟ್ಟುವ ಮುನ್ನ ಕಾಯುವ ತಾಳ್ಮೆ, ಇವೆರಡೂ ಕಾರ್ಪ್ಯೂರವರ ಕರೆಯನ್ನು ಸಾರ್ಥಕಗೊಳಿಸಿದವು. ವೈದ್ಯಕೀಯ, ಶುಶ್ರೂಷೆ ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಅವರ ಬಾಳು ಆದರ್ಶವಾಗಲಿ.