ಜಾದೂಗಾರ ಜಾರ್ಜ್ ಮೆಲಿಯೆಸ್

ನಮ್ಮ ಕಿರುಚಿತ್ರಗಳಲ್ಲಿ ಗೆಳೆಯನನ್ನು ಒಂದು ಕ್ಷಣದಲ್ಲಿ ಮಾಯ ಮಾಡುತ್ತೇವೆ. ಈ ತಂತ್ರವನ್ನು ಬೆಳೆಸಿದವರು ಫ್ರಾನ್ಸಿನ ಜಾರ್ಜ್ ಮೆಲಿಯೆಸ್.

ಇವರು 1861ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದರು. ತಂದೆಗೆ ಬೂಟಿನ ಕಾರ್ಖಾನೆ ಇತ್ತು. ಮಗನಿಗೆ ಜಾದೂ ಇಷ್ಟ. ಕಾರ್ಖಾನೆಯ ತಮ್ಮ ಪಾಲು ಮಾರಿ, 1888ರಲ್ಲಿ ಜಾದೂ ರಂಗಮಂದಿರ ಕೊಂಡರು. ಮುಂದೆ ಸಿನಿಮಾಕ್ಕೆ ಬಂದರು. ಕ್ಯಾಮೆರಾ ನಿಲ್ಲಿಸಿ, ಮುಂದಿದ್ದವರನ್ನು ಸರಿಸಿ, ಮತ್ತೆ ಓಡಿಸುವುದು ಅವರ ಉಪಾಯ.

1902ರಲ್ಲಿ ‘ಎ ಟ್ರಿಪ್ ಟು ದ ಮೂನ್’ ತೆಗೆದರು. ಅಮೆರಿಕದಲ್ಲಿ ಅದರ ಕಳ್ಳ ಪ್ರತಿಗಳು ಓಡಿದವು, ಲಾಭ ಬೇರೆಯವರ ಪಾಲಾಯಿತು. ಕೊನೆಗೆ ಸಾಲದಲ್ಲಿ ಮುಳುಗಿದರು. 1923ರಲ್ಲಿ ತಮ್ಮ ಚಿತ್ರಗಳ ನೆಗೆಟಿವ್‌ಗಳನ್ನು ತಾವೇ ಸುಟ್ಟರು. ಆಮೇಲೆ ರೈಲು ನಿಲ್ದಾಣದ ಪುಟ್ಟ ಅಂಗಡಿಯಲ್ಲಿ ಆಟಿಕೆ, ಮಿಠಾಯಿ ಮಾರಿದರು. ಸರ್ಕಾರದ ಗೌರವ ಸಿಕ್ಕಿದ್ದು 1931ರಲ್ಲಿ. 1938ರಲ್ಲಿ ತೀರಿಕೊಂಡರು.

ಗೆಳೆಯರೇ, ಯಾರದೋ ಸಿನಿಮಾವನ್ನು ಕದ್ದು ಡೌನ್‌ಲೋಡ್ ಮಾಡುವ ಮೊದಲು ಆ ಅಂಗಡಿಯನ್ನು ನೆನೆಯೋಣ.